ಗೌರಮ್ಮನವರನ್ನು ಯಾವ ಹೆಸರಿನಲ್ಲಿ ಹುಡುಕಬೇಕು?

ಕೃಷ್ಣರಾಜಪುರದಲ್ಲಿ, ಹಳೇ ಮದ್ರಾಸ್ ರಸ್ತೆಗೆ ಹತ್ತಿರದ ಒಂದು ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಕಿರುಪ್ರಬಂಧಕ್ಕೆಂದು ಕೊಡಗಿನ ಗೌರಮ್ಮನವರ ಕಥೆಗಳನ್ನು ಆರಿಸಿಕೊಂಡಿದ್ದಳು. ಗ್ರಂಥಾಲಯದ ಬಾಗಿಲ ಬಳಿಯ ಕಂಪ್ಯೂಟರಿನಲ್ಲಿ ‘ಗೌರಮ್ಮ’ ಎಂದು ಕನ್ನಡದಲ್ಲಿ ಟೈಪ್ ಮಾಡಿದಳು. ಒಂದೂ ಪುಸ್ತಕ ಇಲ್ಲ ಎಂದು ಬಂತು. ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಮೂರು ಬಗೆಯಾಗಿ ಬರೆದು ನೋಡಿದಳು. ಆಗಲೂ ಇಲ್ಲ. ಸೀದಾ ನನ್ನ ಬಳಿ ಬಂದು, “ಸರ್, ನಮ್ಮ ಲೈಬ್ರರಿಯಲ್ಲಿ ಗೌರಮ್ಮ ಇಲ್ಲ. ವಿಷಯ ಬದಲಾಯಿಸಿಬಿಡ್ಲಾ?” ಎಂದು ಕೇಳಿದಳು.

ಅವಳ ಜೊತೆ ನಾನೂ ಹೋದೆ. ನಮ್ಮ ಗ್ರಂಥಪಾಲಕಿ ಮೇಡಂ ಕಂಪ್ಯೂಟರಿನ ಕಡೆ ತಿರುಗಿಯೂ ನೋಡಲಿಲ್ಲ. ಎದ್ದು ಹೋಗಿ ಮೂರನೇ ಬೀರುವಿನ ಕೆಳಗಿನ ಸಾಲಿನಿಂದ ರಟ್ಟು ಹರಿದ ‘ಕಂಬನಿ’ಯನ್ನು ತಂದು ಮೇಜಿನ ಮೇಲಿಟ್ಟರು. “ಇದು ಕೃಷ್ಣ ಅಂತ ಎಂಟ್ರಿ ಆಗಿದೆ ಸರ್. ಬಿ.ಟಿ.ಜಿ. ಕೃಷ್ಣ. ಹಳೇ ರಿಜಿಸ್ಟರ್‌ನಲ್ಲಿ ಹಾಗೇ ಇತ್ತು. ಡೇಟಾ ಎಂಟ್ರಿಗೆ ಬಂದ ಹುಡುಗರು ನೋಡಿಕೊಂಡು ಹಾಗೇ ಹೊಡೆದು ಹೋದ್ರು” ಎಂದರು.

ಗೌರಮ್ಮ ಹುಟ್ಟಿದ್ದು 1912ರಲ್ಲಿ, ತೀರಿಕೊಂಡಿದ್ದು 1939ರಲ್ಲಿ. ಇಪ್ಪತ್ತೇಳು ವರ್ಷದ ಬದುಕು, ‘ಕಂಬನಿ’ ಮತ್ತು ‘ಚಿಗುರು’ ಎಂಬ ಎರಡು ಕಥಾಸಂಕಲನ. ಅವರು ಬರೆಯುತ್ತಿದ್ದುದು ಗಂಡನ ಹೆಸರಿನಲ್ಲಿ, ‘ಶ್ರೀಮತಿ ಬಿ.ಟಿ.ಜಿ. ಕೃಷ್ಣ’ ಎಂದು. ನಮಗೆ ಅವರು ಗೌರಮ್ಮ ಆದದ್ದು ಆಮೇಲೆ, ಓದುಗರು ಮತ್ತು ವಿಮರ್ಶಕರು ಮತ್ತೆ ಮತ್ತೆ ಆ ಹೆಸರಿನಿಂದ ಕರೆದದ್ದರಿಂದ. ಸಾಹಿತ್ಯ ಚರಿತ್ರೆ ಮಾಡಿದ ಆ ಕೆಲಸವನ್ನು ನಮ್ಮ ಗ್ರಂಥಾಲಯದ ಕಂಪ್ಯೂಟರು ಸದ್ದಿಲ್ಲದೆ ಅಳಿಸಿಹಾಕಿತ್ತು. ಪುಸ್ತಕ ಕಳುವಾಗಿರಲಿಲ್ಲ, ಗೆದ್ದಲು ತಿಂದಿರಲಿಲ್ಲ. ಬೀರುವಿನಲ್ಲಿದ್ದುಕೊಂಡೇ ಅದು ಇಲ್ಲವಾಗಿತ್ತು.

ಇದನ್ನು ನಾನು ಗ್ರಂಥಾಲಯದ ಸಣ್ಣ ತಾಂತ್ರಿಕ ತಪ್ಪು ಎಂದುಕೊಂಡು ಮರೆಯಬಹುದಿತ್ತು. ಆದರೆ ಯೋಚಿಸಿದಷ್ಟೂ ಇದು ವಿಮರ್ಶೆಯ ಪ್ರಶ್ನೆ ಅನ್ನಿಸತೊಡಗಿತು. ಒಂದು ಪುಸ್ತಕವನ್ನು ಯಾರ ಹೆಸರಿನಲ್ಲಿ, ಯಾವ ವಿಷಯದ ಅಡಿಯಲ್ಲಿ, ಯಾರ ಪಕ್ಕದಲ್ಲಿ ಇಡಬೇಕು ಎಂದು ತೀರ್ಮಾನಿಸುವವರು ಆ ಪುಸ್ತಕದ ಮೊದಲ ವಿಮರ್ಶಕರು. ನಾವೆಲ್ಲ ಆಮೇಲೆ ಬರುವವರು. ಹಾಗಾದರೆ ಆ ಮೊದಲ ವಿಮರ್ಶಕರನ್ನು ಇವತ್ತು ಹೇಗೆ ತಯಾರು ಮಾಡುತ್ತಿದ್ದೇವೆ?

ಉತ್ತರದ ಒಂದು ತುಂಡು ಅದೇ ಮೇಜಿನ ಮೇಲಿತ್ತು. ಮೇಡಂ ಆ ತಿಂಗಳಷ್ಟೇ ಎರಡು ದಿನದ ತರಬೇತಿಯೊಂದಕ್ಕೆ ಹೋಗಿಬಂದಿದ್ದರು. ತಂತ್ರಜ್ಞಾನ ಮತ್ತು ಜ್ಞಾನ ನಿರ್ವಹಣೆ ಅದರ ವಿಷಯ. ಅಲ್ಲಿ ಕೊಟ್ಟಿದ್ದ ಫೈಲನ್ನು ಕೇಳಿ ಮನೆಗೆ ತಂದೆ. ವಿಮರ್ಶೆಗೆ ಬಂದ ಪುಸ್ತಕವನ್ನು ಓದುವ ಹಾಗೆಯೇ, ಪೆನ್ಸಿಲ್ ಹಿಡಿದು ಓದಿದೆ.

ಫೈಲು ಪೂರ್ತಿ ಇಂಗ್ಲಿಷಿನಲ್ಲಿತ್ತು. ಅದು ನನ್ನ ದೂರಲ್ಲ. ಬಾರ್‌ಕೋಡ್ ಅಂಟಿಸುವುದು, ಆರ್‌ಎಫ್‌ಐಡಿ ಗೇಟು, ಸರ್ವರಿನ ಬ್ಯಾಕಪ್, ಇ-ಪತ್ರಿಕೆಗಳ ಚಂದಾ, ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ಬಗ್ಗೆ ಒಂದು ಗಂಟೆ. ಇವೂ ಬೇಕಾದ ವಿಷಯಗಳೇ. ಆದರೆ ಓದುತ್ತಾ ಹೋದಂತೆ ಎರಡು ಸಂಗತಿ ಕಣ್ಣಿಗೆ ಹೊಡೆದವು. ಒಂದು, ಇಡೀ ಫೈಲಿನಲ್ಲಿ ‘ಓದುಗ’ ಎಂಬುದಕ್ಕೆ ಹೊಂದುವ ಪದವೇ ಇರಲಿಲ್ಲ. ಎಲ್ಲ ಕಡೆಯೂ ‘ಯೂಸರ್’. ಎರಡು, ಉದಾಹರಣೆಗೆಂದು ಕೊಟ್ಟಿದ್ದ ಪುಸ್ತಕಗಳಲ್ಲಿ ಕನ್ನಡದ್ದು ಒಂದೂ ಇರಲಿಲ್ಲ. ಬೆಂಗಳೂರಿನಲ್ಲಿ, ಕನ್ನಡ ಪುಸ್ತಕಗಳಿರುವ ಕಾಲೇಜುಗಳ ಗ್ರಂಥಪಾಲಕರಿಗೆ ನಡೆದ ತರಬೇತಿಯಲ್ಲಿ ಕನ್ನಡ ಪುಸ್ತಕವನ್ನು ಯಂತ್ರಕ್ಕೆ ಏರಿಸುವುದು ಹೇಗೆ ಎಂಬ ಪ್ರಶ್ನೆಯೇ ಎದ್ದಿರಲಿಲ್ಲ.

ಹೀಗೇಕೆ ಆಗುತ್ತದೆ ಎನ್ನುವುದಕ್ಕೆ ಕಾಲೇಜಿನಲ್ಲಿರುವ ಯಾರಿಗಾದರೂ ಒಂದು ಕಾರಣ ಗೊತ್ತು. ನ್ಯಾಕ್ ತಂಡ ಬರುವ ವರ್ಷ ಗ್ರಂಥಾಲಯಕ್ಕೆ ಜೀವ ಬರುತ್ತದೆ. ಆಗ ತುಂಬಬೇಕಾದ ನಮೂನೆಯಲ್ಲಿ ತಂತ್ರಾಂಶದ ಹೆಸರೇನು, ಗಣಕೀಕರಣ ಪೂರ್ಣವೋ ಭಾಗಶಃವೋ, ಆವೃತ್ತಿ ಯಾವುದು, ಯಾವ ವರ್ಷ ಆಯಿತು ಎಂದು ಕೇಳುತ್ತಾರೆ. ನಾಲ್ಕಕ್ಕೂ ನಮ್ಮ ಕಾಲೇಜಿನ ಬಳಿ ಸರಿಯಾದ ಉತ್ತರವಿದೆ. ಹುಡುಗಿಗೆ ಗೌರಮ್ಮ ಸಿಕ್ಕರೋ ಇಲ್ಲವೋ ಎಂಬ ಕಾಲಂ ಅಲ್ಲಿಲ್ಲ. ಕಾಲಂ ಇಲ್ಲದ್ದಕ್ಕೆ ತರಬೇತಿಯೂ ಇಲ್ಲ.

ಬೇಸರದ ಸಂಗತಿಯೆಂದರೆ, ಈ ಪ್ರಶ್ನೆಗಳನ್ನು ಜಗತ್ತಿನಲ್ಲೇ ಗಂಭೀರವಾಗಿ ಕೇಳಿದ ಊರುಗಳಲ್ಲಿ ನಮ್ಮದೂ ಒಂದು. ಕೆ.ಆರ್. ಪುರದಲ್ಲಿ ಮೆಟ್ರೋ ಹತ್ತಿ ಅದೇ ನೇರಳೆ ಮಾರ್ಗದಲ್ಲಿ ಊರು ದಾಟಿ ಆ ತುದಿಯ ಕಡೆಗೆ ಹೋದರೆ ಮೈಸೂರು ರಸ್ತೆಯ ಎಂಟನೇ ಮೈಲಿ. ಅಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆವರಣದಲ್ಲಿ ಡಿ.ಆರ್.ಟಿ.ಸಿ. ಇದೆ. ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಗೆಂದೇ ಎಸ್.ಆರ್. ರಂಗನಾಥನ್ ಅವರು 1962ರಲ್ಲಿ ಕಟ್ಟಿದ ಕೇಂದ್ರ ಅದು. ತಮ್ಮ ಬದುಕಿನ ಕೊನೆಯ ಘಟ್ಟವನ್ನು ಅವರು ಕಳೆದದ್ದು ಬೆಂಗಳೂರಿನಲ್ಲಿ. 1972ರಲ್ಲಿ ಇಲ್ಲೇ ತೀರಿಕೊಂಡರು. ಮೈಸೂರು ರಾಜ್ಯದ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಹಿಂದೆಯೂ ಅವರ ದುಡಿಮೆಯಿದೆ.

ರಂಗನಾಥನ್ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಆ ಕೆಲಸದ ತರಬೇತಿ ಅವರಿಗಿರಲಿಲ್ಲ. ಅದಕ್ಕಾಗಿ ಲಂಡನ್ನಿಗೆ ಹೋದರು. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳ ಪುಸ್ತಕ ಬಂತು, 1933ರಲ್ಲಿ ಕೋಲನ್ ವರ್ಗೀಕರಣ. ಐದು ಸೂತ್ರಗಳನ್ನು ನಮ್ಮ ಗ್ರಂಥಾಲಯ ಶಾಸ್ತ್ರದ ವಿದ್ಯಾರ್ಥಿಗಳು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಅವುಗಳ ಒಟ್ಟು ಅರ್ಥ ಸರಳ: ಪುಸ್ತಕ ಇರುವುದು ಬೀಗ ಹಾಕಿಡುವುದಕ್ಕಲ್ಲ. ಓದುಗನಿಗೂ ಪುಸ್ತಕಕ್ಕೂ ಭೇಟಿ ಮಾಡಿಸುವುದೇ ಗ್ರಂಥಪಾಲಕರ ಕಸುಬು. ಆ ಭೇಟಿಗೆ ಹೆಚ್ಚು ಹೊತ್ತು ಹಿಡಿಯಬಾರದು. ಮತ್ತು ಗ್ರಂಥಾಲಯ ಬೆಳೆಯುತ್ತಲೇ ಇರುತ್ತದೆ. ಈ ಸೂತ್ರಗಳಲ್ಲಿ ಯಂತ್ರದ ಮಾತೇ ಇಲ್ಲ. ಹಾಗಾಗಿಯೇ ಯಾವ ಯಂತ್ರ ಬಂದರೂ ಅದನ್ನು ಅಳೆಯುವುದಕ್ಕೆ ಇವು ಒದಗುತ್ತವೆ. ನಮ್ಮ ಕಂಪ್ಯೂಟರು ಆ ಹುಡುಗಿಯ ಹೊತ್ತನ್ನು ಉಳಿಸಲಿಲ್ಲ, ‘ಕಂಬನಿ’ಗೆ ಅದರ ಓದುಗಳನ್ನು ತಂದುಕೊಡಲಿಲ್ಲ. ತಂತ್ರಾಂಶದ ಆವೃತ್ತಿ ಯಾವುದಾದರೇನು, ರಂಗನಾಥನ್ ಕಣ್ಣಲ್ಲಿ ಅದು ನಪಾಸು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಅವರ ಕೋಲನ್ ವರ್ಗೀಕರಣದಲ್ಲಿ ಒಂದು ಸ್ವಾರಸ್ಯವಿದೆ. ಸಾಹಿತ್ಯ ಕೃತಿಯನ್ನು ಅವರು ಭಾಷೆ, ಪ್ರಕಾರ, ಲೇಖಕ, ಕೃತಿ ಎಂಬ ನಾಲ್ಕು ಮುಖಗಳಿಂದ ಗುರುತಿಸುತ್ತಾರೆ. ಲೇಖಕರ ಗುರುತು ಹೆಸರಲ್ಲ, ಹುಟ್ಟಿದ ವರ್ಷ. ಆ ಲೆಕ್ಕದಲ್ಲಿ ಕನ್ನಡ ಕಾವ್ಯದ ಸಾಲನ್ನು ಜೋಡಿಸಿದರೆ 1896ರ ಬೇಂದ್ರೆ, 1904ರ ಕುವೆಂಪು, 1905ರ ಪುತಿನ, 1915ರ ಕೆ.ಎಸ್. ನರಸಿಂಹಸ್ವಾಮಿ, 1918ರ ಅಡಿಗರು ಒಬ್ಬರ ಪಕ್ಕ ಒಬ್ಬರು ನಿಲ್ಲುತ್ತಾರೆ. ಬೀರುವಿನ ಮುಂದೆ ನಡೆದರೆ ಸಾಹಿತ್ಯ ಚರಿತ್ರೆಯ ಮುಂದೆ ನಡೆದಂತೆ. ಇಂಗ್ಲಿಷ್ ಅಕಾರಾದಿಯಲ್ಲಿ ಜೋಡಿಸಿದರೆ ಅಡಿಗರು ಬೇಂದ್ರೆಯವರಿಗಿಂತ ಮೊದಲು ಬಂದು ನಿಲ್ಲುತ್ತಾರೆ. ಅಲ್ಲಿ ಕಾಣುವುದು ಚರಿತ್ರೆಯಲ್ಲ, ಹಾಜರಿ ಪಟ್ಟಿ.

ಗೌರಮ್ಮನವರಿಗೂ ಈ ಕ್ರಮದಲ್ಲಿ ನ್ಯಾಯವಿದೆ. ಕಥೆ ಕಾದಂಬರಿಗಳ ಸಾಲಿನಲ್ಲಿ ಅವರ ಗುರುತು 1912. ಗಂಡನ ಹೆಸರು ಹಾಕಿ, ಸ್ವಂತ ಹೆಸರು ಹಾಕಿ, ಊರಿನ ಹೆಸರು ಸೇರಿಸಿ, ಆ ವರ್ಷ ಬದಲಾಗುವುದಿಲ್ಲ. 1908ರ ಅ.ನ.ಕೃ. ಮತ್ತು 1928ರ ತ್ರಿವೇಣಿಯವರ ನಡುವೆ ಎಲ್ಲೋ ಅವರ ಜಾಗ ಖಾಯಂ. ಆದರೆ ಈ ಅಂಕೆ ಹಾಕಬೇಕಾದರೆ ‘ಬಿ.ಟಿ.ಜಿ. ಕೃಷ್ಣ’ ಎಂದರೆ ಯಾರು, ಅವರು ಯಾವಾಗ ಹುಟ್ಟಿದರು ಎಂಬುದು ಹಾಕುವವರಿಗೆ ಗೊತ್ತಿರಬೇಕು. ಅಂದರೆ ಸಾಹಿತ್ಯ ಗೊತ್ತಿರಬೇಕು, ಇಲ್ಲವೇ ಯಾರನ್ನು ಕೇಳಬೇಕೆಂದು ಗೊತ್ತಿರಬೇಕು. ರಂಗನಾಥನ್ ಅವರ ವಿಧಾನ ಗ್ರಂಥಪಾಲಕರನ್ನು ತಿಳಿವಳಿಕಸ್ಥರೆಂದು ನಂಬಿಕೊಂಡೇ ಹೊರಡುತ್ತದೆ. ಅದು ಕಷ್ಟದ ವಿಧಾನವಾದದ್ದೂ ಅದಕ್ಕೇ.

ನಮ್ಮ ಹೆಚ್ಚಿನ ಗ್ರಂಥಾಲಯಗಳು ಆ ಕಷ್ಟ ಬೇಡವೆಂದು ಡ್ಯೂಯಿಯ ದಶಮಾಂಶ ಪದ್ಧತಿಯನ್ನು ಹಿಡಿದವು. 1876ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆ ಪದ್ಧತಿಯಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂಬ ಮೂರಂಕಿಯ ಮನೆ. ಕನ್ನಡ ಸಾಹಿತ್ಯಕ್ಕೆ 894.814. ಬೇರೆ ಭಾಷೆಗಳೆಲ್ಲ ಕೂತ ಮೇಲೆ ಉಳಿದ ಜಾಗದಲ್ಲಿ, ದ್ರಾವಿಡ ಎಂಬ ಓಣಿಯೊಳಗೆ, ಬಿಂದುವಿನ ಆಚೆಗೊಂದು ಬಾಡಿಗೆ ಕೋಣೆ. ಅಂಕೆ ಉದ್ದವಾದದ್ದಕ್ಕೆ ಯಾರೂ ಸಾಯುವುದಿಲ್ಲ. ಆದರೆ ತರಬೇತಿಗೆ ಬಂದ ಗ್ರಂಥಪಾಲಕರಿಗೆ ಈ ಅಂಕೆಯ ಹಿಂದೊಂದು ದೃಷ್ಟಿಕೋನವಿದೆ ಎಂದು ಹೇಳಬೇಕಲ್ಲವೇ? ಹೇಳದಿದ್ದರೆ ಅದು ಮಗ್ಗಿಯ ಹಾಗೆ ನಿಸರ್ಗದಲ್ಲೇ ಇತ್ತೆಂದು ಅನ್ನಿಸಿಬಿಡುತ್ತದೆ.

ಡಿ.ಆರ್.ಟಿ.ಸಿ. ಒಂದೇ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ರಾಷ್ಟ್ರೀಯ ವಿಜ್ಞಾನ ಮಾಹಿತಿ ಕೇಂದ್ರವು ‘ಮಾಹಿತಿ ಮತ್ತು ಜ್ಞಾನ ನಿರ್ವಹಣೆ’ ಎಂಬ ಹೆಸರಿನಲ್ಲೇ 18 ತಿಂಗಳ ತರಬೇತಿ ನಡೆಸುತ್ತಿತ್ತು. ಟಿ.ಬಿ. ರಾಜಶೇಖರ್ ಅವರ ಮುಂದಾಳತ್ವದಲ್ಲಿ 2002ರಲ್ಲಿ ಸಂಸ್ಥೆಯ ಸಂಶೋಧನಾ ಲೇಖನಗಳ ಮುಕ್ತ ಭಂಡಾರ ಶುರುವಾಯಿತು. ದೇಶದಲ್ಲಿ ಆ ಬಗೆಯ ಭಂಡಾರಗಳಲ್ಲಿ ಅದು ಮೊದಲನೆಯದು. ನಮ್ಮ ಮೇಡಂ ಎರಡು ದಿನದಲ್ಲಿ ಕಲಿತು ಬಂದ ವಿಷಯಕ್ಕೆ ಅಲ್ಲಿ 18 ತಿಂಗಳು ಬೇಕಾಗಿತ್ತು. ಈ ಪರಂಪರೆ ಹೆಚ್ಚಾಗಿ ವಿಜ್ಞಾನ ಮತ್ತು ಉದ್ಯಮದ ಮಾಹಿತಿಯನ್ನು ಕಣ್ಣೆದುರಿಗಿಟ್ಟುಕೊಂಡು ಬೆಳೆದದ್ದು ನಿಜ. ಕನ್ನಡದ ಕಾಲೇಜು, ಕನ್ನಡದ ಓದುಗ ಅದರ ಅಂಚಿನಲ್ಲಿದ್ದರು. ಅಂಚಿನಲ್ಲಿದ್ದವರಿಗೆ ಈಗ ಸಿಗುತ್ತಿರುವುದು ಎರಡು ದಿನದ ಫೈಲು, ಒಂದು ಪ್ರಮಾಣಪತ್ರ, ಗ್ರೂಪ್ ಫೋಟೋ.

ಇನ್ನು ‘ಜ್ಞಾನ ನಿರ್ವಹಣೆ’ ಎಂಬ ಮಾತು. ಕೆ.ಆರ್. ಪುರದಲ್ಲಿ ಕೂತವರಿಗೆ ಇದು ದೂರದ ಪದವಲ್ಲ. ಬೆಳಿಗ್ಗೆ ತೂಗುಸೇತುವೆಯ ಕೆಳಗೆ, ಟಿನ್ ಫ್ಯಾಕ್ಟರಿಯ ತಿರುವಿನಲ್ಲಿ, ಕೊರಳಲ್ಲಿ ಐಡಿ ಕಾರ್ಡು ನೇತುಹಾಕಿಕೊಂಡು ಕಂಪನಿ ಬಸ್ಸಿಗೆ ಕಾಯುವವರಲ್ಲಿ ಕೆಲವರಾದರೂ ಆ ಪದದ ವಿಭಾಗಗಳಲ್ಲಿ ಕೆಲಸ ಮಾಡುವವರಿದ್ದಾರು. ಕಂಪನಿಗಳಲ್ಲಿ ಇದಕ್ಕೊಂದು ಅಗತ್ಯವಿದೆ. ಒಬ್ಬ ಅನುಭವಿ ಕೆಲಸ ಬಿಟ್ಟರೆ ಅವನ ತಲೆಯಲ್ಲಿದ್ದದ್ದೂ ಅವನ ಜೊತೆ ಹೋಗಿಬಿಡುತ್ತದೆ. ಅದನ್ನು ಉಳಿಸಿಕೊಳ್ಳುವುದು ಹೇಗೆ?

ಈ ಚಿಂತನೆಯ ಬೇರು ಮೈಕೆಲ್ ಪೊಲಾನಿಯವರಲ್ಲಿದೆ. ನಮಗೆ ತಿಳಿದಿರುವುದು ನಾವು ಬಾಯಿಬಿಟ್ಟು ಹೇಳಬಲ್ಲದ್ದಕ್ಕಿಂತ ಹೆಚ್ಚು ಎಂಬುದು 1966ರಲ್ಲಿ ಬಂದ ಅವರ ಪುಟ್ಟ ಪುಸ್ತಕದ ತಿರುಳು. ಇದನ್ನು ಕಂಪನಿಗಳ ಲೋಕಕ್ಕೆ ಒಯ್ದ ಜಪಾನಿನ ನೊನಾಕಾ ಮತ್ತು ತಾಕೆಯುಚಿ 1995ರ ತಮ್ಮ ಪುಸ್ತಕದಲ್ಲಿ ಒಂದು ಪ್ರಸಂಗ ಹೇಳುತ್ತಾರೆ. ಮನೆಯಲ್ಲೇ ಬ್ರೆಡ್ ಮಾಡುವ ಯಂತ್ರ ತಯಾರಿಸಲು ಹೊರಟಿದ್ದ ಮತ್ಸುಶಿತಾ ಕಂಪನಿಗೆ ಹಿಟ್ಟು ಸರಿಯಾಗಿ ನಾದಿಸುವುದೇ ಆಗಲಿಲ್ಲ. ಕೊನೆಗೆ ಇಕುಕೋ ತನಾಕಾ ಎಂಬ ತಂತ್ರಾಂಶ ತಯಾರಕಿ ಒಸಾಕಾದ ಹೋಟೆಲೊಂದರ ಹಿರಿಯ ಬೇಕರಿಯವರ ಬಳಿ ಶಿಷ್ಯವೃತ್ತಿಗೆ ನಿಂತರು. ಆತ ಹಿಟ್ಟನ್ನು ಎಳೆಯುವಾಗ ಜೊತೆಗೆ ತಿರುಚುತ್ತಿದ್ದ. ಅದನ್ನು ಆತ ಯಾರಿಗೂ ಹೇಳಿರಲಿಲ್ಲ, ಹೇಳಬೇಕೆಂದು ತೋಚಿರಲೂ ಇಲ್ಲ. ಅವರು ಕಣ್ಣಾರೆ ನೋಡಿದ್ದು ಯಂತ್ರದೊಳಗೆ ಹೋಯಿತು.

ನಮ್ಮ ತರಬೇತಿಗಳು ಈ ಶಾಸ್ತ್ರದಿಂದ ಪದವನ್ನು ತಂದುಕೊಂಡು ಪ್ರಸಂಗವನ್ನು ಬಿಟ್ಟುಬಂದಿವೆ. ‘ಬಿ.ಟಿ.ಜಿ. ಕೃಷ್ಣ ಅಂದ್ರೆ ಗೌರಮ್ಮ, ಮೂರನೇ ಬೀರು, ಕೆಳಗಿನ ಸಾಲು’ ಎಂಬುದು ಬಾಯಲ್ಲಿ ಹೇಳದೆ ಉಳಿದ ಜ್ಞಾನವೇ. ಅದು ಇದ್ದದ್ದು ಮೇಡಂ ಅವರ ತಲೆಯಲ್ಲಿ. ಜ್ಞಾನ ನಿರ್ವಹಣೆಯ ತರಬೇತಿಯಲ್ಲಿ ಅವರನ್ನು ಎರಡು ದಿನ ಕೂರಿಸಿಕೊಂಡವರು ನಿಮಗೇನು ಗೊತ್ತು ಎಂದು ಒಮ್ಮೆಯೂ ಕೇಳಲಿಲ್ಲ. ಜ್ಞಾನ ವೇದಿಕೆಯ ಮೇಲಿದೆ, ಕುರ್ಚಿಯಲ್ಲಿ ಕೂತವರು ತುಂಬಿಸಿಕೊಂಡು ಹೋಗಬೇಕಾದ ಪಾತ್ರೆ ಎಂಬ ನಂಬಿಕೆ. ನನಗೆ ಈ ತರಬೇತಿಗಳ ಮೇಲಿರುವ ದೊಡ್ಡ ತಕರಾರು ಇದೇ.

ಗ್ರಂಥಾಲಯದ ಯಂತ್ರಭಾಷೆಯ ಚರಿತ್ರೆಯೂ ಬೇರೆಯದನ್ನೇ ಹೇಳುತ್ತದೆ. ಇವತ್ತು ಜಗತ್ತಿನ ಬಹುಪಾಲು ಗ್ರಂಥಾಲಯಗಳ ತಂತ್ರಾಂಶ ನಿಂತಿರುವುದು ಮಾರ್ಕ್ ಎಂಬ ನಮೂನೆಯ ಮೇಲೆ. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಅದನ್ನು ರೂಪಿಸಿದ ಹೆನ್ರಿಯೆಟ್ ಅವ್ರಾಮ್ ಗ್ರಂಥಪಾಲಕಿಯಲ್ಲ, ಕಂಪ್ಯೂಟರ್ ಪ್ರೋಗ್ರಾಮರ್. ಅವರು ಸೂಚಿ ತಯಾರಿಸುವವರ ವಿದ್ಯೆಯನ್ನು ಕಲಿತು, ಹಳೆಯ ಕಾರ್ಡುಗಳ ತರ್ಕವನ್ನು ಅರ್ಥಮಾಡಿಕೊಂಡು ಯಂತ್ರಕ್ಕೆ ತಂದರು. ನ್ಯೂಜಿಲೆಂಡಿನ ಒಂದು ಪುಟ್ಟ ಸ್ಥಳೀಯ ಗ್ರಂಥಾಲಯ ಸಂಸ್ಥೆ ತನ್ನ ಅಗತ್ಯಕ್ಕೆಂದು ಮಾಡಿಸಿಕೊಂಡು 2000ದಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ತಂತ್ರಾಂಶ ಕೋಹಾ. ಮಾವೊರಿ ಭಾಷೆಯಲ್ಲಿ ಆ ಪದಕ್ಕೆ ಉಡುಗೊರೆ ಎಂದರ್ಥ. ಅದನ್ನೇ ನಮ್ಮ ಅನೇಕ ಕಾಲೇಜುಗಳು ಬಳಸುತ್ತಿವೆ. ತಂತ್ರಜ್ಞಾನ ಗ್ರಂಥಾಲಯದ ಶತ್ರುವೇನಲ್ಲ. ಮೇಜಿನ ಆಚೆ ಕೂತವರ ಕೆಲಸದಿಂದ ಹುಟ್ಟಿದಾಗ ಅದು ಚೆನ್ನಾಗಿಯೇ ದುಡಿಯುತ್ತದೆ.

ಹಾಗಾದರೆ ಕನ್ನಡಕ್ಕೆ ಬೇಕಾದ ತರಬೇತಿಯಲ್ಲಿ ಏನಿರಬೇಕು? ನನ್ನ ಕಣ್ಣಿಗೆ ಬಿದ್ದ ಕೆಲವನ್ನು ಹೇಳುತ್ತೇನೆ.

ಮೊದಲನೆಯದು ಲಿಪಿ. ನಮ್ಮಲ್ಲಿ ಬಹಳಷ್ಟು ಕನ್ನಡ ಪುಸ್ತಕಗಳ ವಿವರ ಇಂಗ್ಲಿಷ್ ಅಕ್ಷರಗಳಲ್ಲೇ ಇದೆ. ಎಂ, ಎ, ಎಲ್, ಇ ಎಂಬ ನಾಲ್ಕು ಅಕ್ಷರ ಹೊಡೆಯಿರಿ. ಅದು ಮಲೆಯೋ, ಮಳೆಯೋ, ಮಾಲೆಯೋ? ಇಂಗ್ಲಿಷ್ ಪುಸ್ತಕಗಳೂ ಇರುವ ಪಟ್ಟಿಯಲ್ಲಿ ಗಂಡಸರ ಬಗೆಗಿನ ಪುಸ್ತಕಗಳೂ ನುಗ್ಗಿಬರುತ್ತವೆ. ‘ಮಲೆಗಳಲ್ಲಿ ಮದುಮಗಳು’ ಹುಡುಕುವವರು ಎಲ್ಲಿ ಒಂದು ಎಲ್, ಎಲ್ಲಿ ಎರಡು ಎಂದು ಊಹಿಸುತ್ತಾ ಕೂರಬೇಕು. ಯೂನಿಕೋಡಿನ ಮೊದಲ ಆವೃತ್ತಿ ಬಂದ 1991ರಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಮಾರ್ಕ್ ನಮೂನೆಯಲ್ಲಿ ಇಂಗ್ಲಿಷ್ ಲಿಪಿಯ ವಿವರದ ಜೊತೆಗೇ ಮೂಲ ಲಿಪಿಯದನ್ನೂ ಜೋಡಿಸಿಡಲು 880 ಎಂಬ ಮನೆಯೇ ಇದೆ. ಆ ಮನೆಯ ವಿಳಾಸ ನಮ್ಮ ಮೇಡಂಗೆ ಯಾವ ತರಬೇತಿಯಲ್ಲೂ ಸಿಕ್ಕಿರಲಿಲ್ಲ.

ಎರಡನೆಯದು ಫಾಂಟು. ಯೂನಿಕೋಡಿಗೆ ಮುಂಚಿನ ಕನ್ನಡ ಫಾಂಟುಗಳಲ್ಲಿ ಟೈಪ್ ಮಾಡಿದ ಪಟ್ಟಿಗಳು ನಮ್ಮಲ್ಲಿ ಇನ್ನೂ ಇವೆ. ತೆರೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಬೇರೆ ಸಂಕೇತ. ಫಾಂಟ್ ಇಲ್ಲದ ಕಡೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡಿನಲ್ಲೂ ಎಡವಟ್ಟುಗಳಿವೆ. ‘ಸೂರ್ಯ’ ಎಂದು ಅರ್ಕಾವತ್ತಿನಲ್ಲಿ ಬರೆಯುವುದಕ್ಕೂ ‘ಸೂರ‍್ಯ’ ಎಂದು ರಕಾರಕ್ಕೆ ಯ ಒತ್ತು ಕೊಟ್ಟು ಬರೆಯುವುದಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಗುರುತಿನ ವ್ಯತ್ಯಾಸವಿದೆ. ನಮಗೆ ಎರಡೂ ಒಂದೇ. ಅಕ್ಷರಕ್ಕೆ ಅಕ್ಷರ ಹೋಲಿಸುವ ಯಂತ್ರಕ್ಕೆ ಎರಡು ಬೇರೆ ಪದ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಹೆಸರು. ಕನ್ನಡ ಸಾಹಿತ್ಯವೆಂದರೆ ಕಾವ್ಯನಾಮಗಳ ಸಂತೆ. ಬೇಂದ್ರೆ ಅಂಬಿಕಾತನಯದತ್ತರೂ ಹೌದು. ಮಾಸ್ತಿ ಶ್ರೀನಿವಾಸರೂ ಹೌದು. ಆದ್ಯ ರಂಗಾಚಾರ್ಯರೇ ಶ್ರೀರಂಗ, ಅನಸೂಯಾ ಶಂಕರ್ ಅವರೇ ತ್ರಿವೇಣಿ, ಸುಬ್ರಹ್ಮಣ್ಯರಾಜೇ ಅರಸ್ ಅವರೇ ಚದುರಂಗ. ಕಾರಂತರನ್ನು ‘ಶಿವರಾಮ ಕಾರಂತ’, ‘ಕೆ. ಶಿವರಾಮ ಕಾರಂತ’, ‘ಕೋಟ ಶಿವರಾಮ ಕಾರಂತ’ ಎಂದು ಮೂರು ಕಡೆ ಬರೆದರೆ ಯಂತ್ರದ ಲೆಕ್ಕದಲ್ಲಿ ಮೂವರು ಲೇಖಕರು. ಇದಕ್ಕೆ ಪರಿಹಾರ ಹೊಸದೇನಲ್ಲ. ಒಂದು ಹೆಸರನ್ನು ಮುಖ್ಯವೆಂದು ಆರಿಸಿ, ಉಳಿದವನ್ನು ‘ಇಲ್ಲಿ ನೋಡಿ’ ಎಂದು ಅದಕ್ಕೆ ಕಟ್ಟಬೇಕು. ಹಳೆಯ ಕಾರ್ಡುಗಳ ಕಾಲದಿಂದಲೂ ಗ್ರಂಥಪಾಲಕರು ಇದನ್ನು ಮಾಡುತ್ತಿದ್ದರು, ಕೋಹಾದಲ್ಲೂ ಇದಕ್ಕೆ ಅನುಕೂಲವಿದೆ. ಆದರೆ ಯಾವುದು ಮುಖ್ಯ ಹೆಸರು ಎಂಬ ಪ್ರಶ್ನೆಗೆ ಯಂತ್ರ ಉತ್ತರ ಕೊಡುವುದಿಲ್ಲ. ಕೃಷ್ಣನೋ ಗೌರಮ್ಮನೋ ಎಂದು ಆರಿಸುವಾಗ ಒಬ್ಬ ಹೆಂಗಸು ತನ್ನ ಕಾಲದಲ್ಲಿ ಯಾಕೆ ಆ ಹೆಸರಿನಲ್ಲಿ ಬರೆದಳು, ನಮ್ಮ ಕಾಲ ಅವಳನ್ನು ಯಾವ ಹೆಸರಿನಲ್ಲಿ ಕರೆಯಬೇಕು ಎಂಬುದನ್ನೆಲ್ಲ ಯೋಚಿಸಬೇಕಾಗುತ್ತದೆ. ಇದಕ್ಕೆ ವಿಮರ್ಶೆ ಎಂದಲ್ಲದೆ ಬೇರೆ ಏನೆನ್ನಬೇಕು?

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ತಿಂಗಳ ಕೊನೆಗೆ ಸಂಬಳ ಬರುತ್ತದೋ ಇಲ್ಲವೋ ಎಂದು ಕಾಯುವವರ ಮೇಲೆ ಸಾಹಿತ್ಯ ಚರಿತ್ರೆಯ ಭಾರವನ್ನೂ ಹೊರಿಸುತ್ತೀಯಾ ಎಂದು. ಒಪ್ಪುತ್ತೇನೆ. ನಮ್ಮ ಮೇಡಂ ಗುತ್ತಿಗೆಯ ಮೇಲಿದ್ದಾರೆ. ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ನೋ ಡ್ಯೂ ಸಹಿ, ಪರೀಕ್ಷೆಯ ಕೊಠಡಿ ಮೇಲ್ವಿಚಾರಣೆ, ಎಲ್ಲವೂ ಅವರ ತಲೆಗೇ. ಆಸ್ತಿ ತೆರಿಗೆಯ ಜೊತೆ ನಾವು ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುವ ರಾಜ್ಯ ಇದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂಬ ಒಳ್ಳೆಯ ಹೆಸರಿಟ್ಟು ಕಂಪ್ಯೂಟರುಗಳನ್ನು ಕೊಟ್ಟದ್ದೂ ಇದೇ ರಾಜ್ಯ. ಅವೆಲ್ಲ ಸಂತೋಷದ ಸಂಗತಿಗಳೇ. ಆದರೆ ಕಂಪ್ಯೂಟರಿನ ಮುಂದೆ ಕೂತವರ ಕೆಲಸ ಖಾಯಂ ಇಲ್ಲದಿದ್ದರೆ ಯಾವ ತರಬೇತಿಯೂ ನೀರ ಮೇಲಿನ ಬರಹ. ಮುಂದಿನ ವರ್ಷ ಆ ಕುರ್ಚಿಯಲ್ಲಿ ಬೇರೆಯವರಿದ್ದರೆ, ಮೂರನೇ ಬೀರುವಿನ ಕೆಳಗಿನ ಸಾಲು ಯಾರಿಗೆ ನೆನಪಿರುತ್ತದೆ?

ತಪ್ಪು ತರಬೇತಿ ಕೊಡುವವರದ್ದಷ್ಟೇ ಎಂದು ಹೇಳಿ ಕೈತೊಳೆದುಕೊಳ್ಳಲೂ ನನ್ನಿಂದಾಗದು. ಕನ್ನಡದ ಮೇಷ್ಟ್ರುಗಳು ಗ್ರಂಥಾಲಯಕ್ಕೆ ಹೋಗುವುದು ಪುಸ್ತಕ ತರುವುದಕ್ಕೆ, ಇಲ್ಲವೇ ಬಾಕಿ ಪುಸ್ತಕದ ನೋಟಿಸ್ ಬಂದಾಗ. ಹತ್ತು ವರ್ಷದಲ್ಲಿ ನಾನು ಒಮ್ಮೆಯೂ ಕನ್ನಡ ಪುಸ್ತಕಗಳ ಪಟ್ಟಿ ಹೇಗಿದೆ ಎಂದು ಕೂತು ನೋಡಿರಲಿಲ್ಲ. ನಾವು ಬರೆಯುವ ಲೇಖನಗಳ ಕೊನೆಯ ಗ್ರಂಥಋಣವೇ ನೋಡಿ. ಪ್ರಕಾಶಕರ ಹೆಸರಿದ್ದರೆ ವರ್ಷವಿಲ್ಲ, ವರ್ಷವಿದ್ದರೆ ಅದು ಎಷ್ಟನೆಯ ಮುದ್ರಣವೆಂದು ತಿಳಿಯದು. ಹೆಸರುಗಳ ವಿಷಯದಲ್ಲಿ ಇಷ್ಟು ಉದಾಸೀನರಾದ ನಾವು ಗ್ರಂಥಪಾಲಕರನ್ನು ದೂರುವುದು ಹೇಗೆ?

ಬೇರೆಯವರು ಸುಮ್ಮನೆ ಕೂತಿಲ್ಲ. ಸಂಚಯ ತಂಡದವರು ‘ಪುಸ್ತಕ ಸಂಚಯ’ದಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಂಥ ಕಡೆ ಇಂಗ್ಲಿಷ್ ಲಿಪಿಯಲ್ಲಿ ಸಿಕ್ಕಿಹಾಕಿಕೊಂಡಿದ್ದ ಕನ್ನಡ ಪುಸ್ತಕಗಳ ಹೆಸರುಗಳನ್ನು ಓದುಗರ ನೆರವಿನಿಂದ ಕನ್ನಡಕ್ಕೆ ತಂದು ಹುಡುಕುವಂತೆ ಮಾಡಿದರು. ಅದು ಸಂಬಳದ ಕೆಲಸವಲ್ಲ, ಆಸಕ್ತರು ಹಂಚಿಕೊಂಡು ಮಾಡಿದ್ದು. ಗ್ರಂಥಪಾಲಕರ ತರಬೇತಿಯಲ್ಲಿ ಪಾಠವಾಗಬೇಕಾದದ್ದು ಇಂಥದ್ದು. ನನ್ನ ಕೈಯಲ್ಲಿದ್ದರೆ ಎರಡು ದಿನದ ತರಬೇತಿಯಲ್ಲಿ ಒಂದು ಇಡೀ ದಿನವನ್ನು ಹತ್ತು ಕನ್ನಡ ಪುಸ್ತಕಗಳಿಗೆ ಮೀಸಲಿಡುತ್ತಿದ್ದೆ. ಒಂದು ಕಾವ್ಯನಾಮದ್ದು, ಒಂದು ಅನುವಾದ, ಒಂದು ಸಂಪಾದಿತ ಗ್ರಂಥ, ಒಂದು ವಚನಗಳ ಸಂಕಲನ, ಒಂದು ಮುಖಪುಟವೇ ಕಿತ್ತುಹೋದದ್ದು. ಮೇಜಿಗೆ ಒಬ್ಬ ಕನ್ನಡದ ಮೇಷ್ಟ್ರನ್ನೂ ಒಬ್ಬ ತಂತ್ರಾಂಶದವರನ್ನೂ ಕೂರಿಸಿ, ಗ್ರಂಥಪಾಲಕರು ಹೇಗೆ ಯೋಚಿಸುತ್ತಾರೆ ಎಂದು ಇಬ್ಬರೂ ನೋಡಿ ಕಲಿಯಲಿ ಎನ್ನುತ್ತಿದ್ದೆ, ಒಸಾಕಾದಲ್ಲಿ ಆದ ಹಾಗೆ.

ಅಷ್ಟು ದೊಡ್ಡದು ನನ್ನ ಕೈಯಲ್ಲಿಲ್ಲ. ಹಾಗಾಗಿ ನಾವು ಚಿಕ್ಕದಾಗಿ ಶುರುಮಾಡಿದೆವು. ಶನಿವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ ಮೇಡಂ, ಆ ಹುಡುಗಿ, ಅವಳ ಒಬ್ಬ ಸಹಪಾಠಿ ಮತ್ತು ನಾನು ಗ್ರಂಥಾಲಯದಲ್ಲಿ ಕೂರುತ್ತೇವೆ. ಬೀರುವಿನಿಂದ ಒಂದು ಸಾಲು ಪುಸ್ತಕ ಇಳಿಸುತ್ತೇವೆ. ನಾನು ಹೆಸರುಗಳ ಬಗ್ಗೆ ತಿಳಿದದ್ದು ಹೇಳುತ್ತೇನೆ, ತಿಳಿಯದ್ದಕ್ಕೆ ಯಾರಿಗಾದರೂ ಫೋನು ಮಾಡುತ್ತೇನೆ. ಎಷ್ಟೋ ಸಲ ಮೇಡಂಗೇ ನನಗಿಂತ ಹೆಚ್ಚು ಗೊತ್ತಿರುತ್ತದೆ. ಮಕ್ಕಳು ಯೂನಿಕೋಡಿನಲ್ಲಿ ಟೈಪ್ ಮಾಡುತ್ತಾರೆ. ಒಂದು ಮಧ್ಯಾಹ್ನಕ್ಕೆ ಮೂವತ್ತು ಪುಸ್ತಕ ಮುಗಿದರೆ ಹೆಚ್ಚು.

ಮೊದಲ ಶನಿವಾರ ಸರಿಪಡಿಸಿದ್ದು ‘ಕಂಬನಿ’ಯನ್ನೇ. ಗೌರಮ್ಮ ಎಂಬುದನ್ನು ಮುಖ್ಯ ಹೆಸರಾಗಿ ಇಟ್ಟು, ಬಿ.ಟಿ.ಜಿ. ಕೃಷ್ಣ ಎಂಬುದನ್ನು ಅದಕ್ಕೆ ಕಟ್ಟಿದೆವು. ಆ ಹೆಸರನ್ನು ಪೂರ್ತಿ ತೆಗೆದುಬಿಡೋಣವೇ ಎಂದು ಸಹಪಾಠಿ ಹುಡುಗ ಕೇಳಿದ. “ಬೇಡ ಕಣೋ, ಅದೂ ಅವರೇ ಹಾಕ್ಕೊಂಡಿದ್ದ ಹೆಸರಲ್ವಾ” ಎಂದಳು ಅವಳು. ಅವಳ ಕಿರುಪ್ರಬಂಧದ ಮೊದಲ ಅಧ್ಯಾಯಕ್ಕೆ ವಿಷಯ ಸಿಕ್ಕಿದ್ದು ಆ ಮಾತಿನಿಂದ.

ಮೇಡಂ ಅವರ ಗುತ್ತಿಗೆ ಮಾರ್ಚ್‌ಗೆ ಮುಗಿಯುತ್ತದೆ. ಅವರು ಈಗ ಉದ್ದನೆಯ ನೋಟ್‌ಬುಕ್ಕೊಂದರಲ್ಲಿ ಯಾವ ಬೀರು, ಯಾವ ಸಾಲು, ಯಾವ ಪುಸ್ತಕಕ್ಕೆ ಬೇರೆ ಯಾವ ಹೆಸರು ಎಂದು ಬರೆದಿಡುತ್ತಿದ್ದಾರೆ. ಮುಂದೆ ಯಾರು ಬರುತ್ತಾರೋ ಅವರಿಗಿರಲಿ ಎಂದು.